ಮೈಕಿನಿಂದ ಕೇಳುಗನ ಕಿವಿಯವರೆಗೆ: ಪುಟ್ಟ ಆಡಿಯೊ ಇಂಟರ್‌ಫೇಸ್ ಹೊಂದಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಒಂದು ಗಂಟೆಯ ಸಂದರ್ಶನ ಮುದ್ರಿಸಿಕೊಂಡೆ. ಒಳ್ಳೆಯ ಮೈಕ್ ಮುಂದಿತ್ತು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯಾದ ಇಂಟರ್‌ಫೇಸಿನ ಹಸಿರು ದೀಪ ಮಾತಿನ ಏರಿಳಿತಕ್ಕೆ ತಕ್ಕಂತೆ ಮಿನುಗುತ್ತಿತ್ತು. ಹೆಡ್‌ಫೋನಿನಲ್ಲಿ ಉಸಿರಾಟದ ಸದ್ದೂ ಬಿಡದೆ ಕೇಳುತ್ತಿತ್ತು. ಎಲ್ಲ ಮುಗಿದ ಮೇಲೆ ಕಡತ ತೆರೆದರೆ ಹಾಳುಬಾವಿಯ ತಳದಲ್ಲಿ ಕುಳಿತು ಯಾರೋ ಮಾತನಾಡಿದಂತಿತ್ತು. ತಂತ್ರಾಂಶವು ಆ ಇಡೀ ಗಂಟೆ ಮುದ್ರಿಸಿಕೊಂಡದ್ದು ಲ್ಯಾಪ್‌ಟಾಪಿನ ಮೈಯೊಳಗೆ ಸೂಜಿತೂತಿನ ಹಿಂದೆ ಅಡಗಿರುವ ಮೈಕನ್ನು. ಹೆಡ್‌ಫೋನಿನಲ್ಲಿ ನನಗೆ ಕೇಳುತ್ತಿದ್ದ ಚೊಕ್ಕ ದನಿ ಇಂಟರ್‌ಫೇಸಿನೊಳಗಿಂದಲೇ ತಿರುಗಿ ಕಿವಿಗೆ ಬರುತ್ತಿತ್ತು. ಅದಕ್ಕೂ ಕಂಪ್ಯೂಟರಿಗೂ ಸಂಬಂಧವೇ ಇರಲಿಲ್ಲ.

ಅಂದಿನಿಂದ ನಾನು ಇಂಟರ್‌ಫೇಸನ್ನು ಒಂದು ಯಂತ್ರ ಎಂದು ನೋಡುವುದನ್ನು ಬಿಟ್ಟು ದನಿ ನಡೆದುಹೋಗುವ ದಾರಿ ಎಂದು ನೋಡತೊಡಗಿದೆ. ಬಾಯಿ, ಮೈಕ್, ಕೇಬಲ್, ಪ್ರೀಆಂಪ್, ಪರಿವರ್ತಕ, ಯುಎಸ್‌ಬಿ, ಡ್ರೈವರ್, ತಂತ್ರಾಂಶ, ಕೇಳುಗ. ಈ ದಾರಿಯಲ್ಲಿ ದನಿ ಈಗ ಎಲ್ಲಿದೆ ಎಂದು ಯಾವ ಕ್ಷಣದಲ್ಲಾದರೂ ಹೇಳಬಲ್ಲವರಿಗೆ ಅಗ್ಗದ ಪೆಟ್ಟಿಗೆಯೂ ಒಳ್ಳೆಯ ಕೆಲಸ ಕೊಡುತ್ತದೆ. ಹೇಳಲಾರದವರಿಗೆ ದುಬಾರಿ ಪೆಟ್ಟಿಗೆಯೂ ಕೈಕೊಡುತ್ತದೆ. ಈ ಬರಹ ಆ ದಾರಿಯನ್ನೇ ಹಿಡಿದು ಸಾಗುತ್ತದೆ.

ಪೆಟ್ಟಿಗೆ ಮಾಡುವ ಮೂರು ಕೆಲಸ

ಮೈಕಿನಿಂದ ಹೊರಡುವ ವಿದ್ಯುತ್ ಸಂಕೇತ ತೀರಾ ಸಣ್ಣದು, ಕೆಲವು ಮಿಲಿವೋಲ್ಟುಗಳಷ್ಟು. ಅದನ್ನು ಬೇಕಾದಷ್ಟು ದೊಡ್ಡದು ಮಾಡುವುದು ಪ್ರೀಆಂಪಿನ ಕೆಲಸ. ದೊಡ್ಡದಾದ ಸಂಕೇತವನ್ನು ಸೆಕೆಂಡಿಗೆ 44,100 ಅಥವಾ 48,000 ಸಲ ಅಳೆದು ಅಂಕಿಗಳಾಗಿ ಬದಲಿಸುವುದು ಪರಿವರ್ತಕದ ಕೆಲಸ. ಕಂಪ್ಯೂಟರಿನಿಂದ ಮರಳಿ ಬರುವ ಅಂಕಿಗಳನ್ನು ಮತ್ತೆ ದನಿಯಾಗಿಸಿ ಹೆಡ್‌ಫೋನಿಗೂ ಸ್ಪೀಕರಿಗೂ ಕೊಡುವುದು ಮೂರನೆಯದು. ಅಂಗೈಯಷ್ಟಿರಲಿ, ಅಲಮಾರಿಯಷ್ಟಿರಲಿ, ಎಲ್ಲ ಇಂಟರ್‌ಫೇಸ್‌ಗಳು ಮಾಡುವುದು ಇಷ್ಟನ್ನೇ. ಲ್ಯಾಪ್‌ಟಾಪಿನೊಳಗಿನ ಧ್ವನಿ ಚಿಪ್ ಕೂಡ ಇದೇ ಕೆಲಸ ಮಾಡುತ್ತದೆ. ಆದರೆ ಅದು ನಿಮ್ಮ ಮೈಕಿಗೆ ಬೇಕಾದ ಗೇನ್, ಅಂದರೆ ಸಂಕೇತವನ್ನು ಹಿಗ್ಗಿಸುವ ಬಲ, ಕೊಡಲಾರದು, ಸುತ್ತಲಿನ ಬಿಡಿಭಾಗಗಳ ಗುಜುಗುಜನ್ನೂ ದನಿಗೆ ಬೆರೆಸಿಬಿಡುತ್ತದೆ.

ಕೊಳ್ಳುವ ಮುನ್ನ ನೋಡಬೇಕಾದದ್ದು, ನೋಡಬೇಕಿಲ್ಲದ್ದು

ಮೊದಲು ನೋಡಬೇಕಿಲ್ಲದ್ದನ್ನು ಹೇಳುತ್ತೇನೆ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 192 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 1,92,000 ಅಳತೆ, ಎಂದಿರುತ್ತದೆ. ಮಾತಿಗೂ ಹಾಡಿಗೂ ನೇರಪ್ರಸಾರಕ್ಕೂ ಅದರಿಂದ ಕಿಂಚಿತ್ತೂ ಪ್ರಯೋಜನವಿಲ್ಲ, ಕಡತ ನಾಲ್ಕು ಪಟ್ಟು ಉಬ್ಬುತ್ತದೆ ಅಷ್ಟೆ. ಯುಎಸ್‌ಬಿ 2 ಹಳೆಯದಲ್ಲವೇ ಎಂದು ಹಿಂಜರಿಯಬೇಡಿ. ಎರಡು ಚಾನೆಲ್‌ಗಳ 24 ಬಿಟ್, 48 ಕಿಲೋಹರ್ಟ್ಸ್ ದನಿಗೆ ಸೆಕೆಂಡಿಗೆ ಸುಮಾರು 2.3 ಮೆಗಾಬಿಟ್ ಸಾಕು, ಯುಎಸ್‌ಬಿ 2ರ ಹರವು 480 ಮೆಗಾಬಿಟ್. ಹೆದ್ದಾರಿಯಲ್ಲಿ ಒಂದು ಸೈಕಲ್ ಹೋದಂತೆ.

ನೋಡಬೇಕಾದದ್ದು ಗೇನ್. ಸ್ಟುಡಿಯೊ ಚಿತ್ರಗಳಲ್ಲಿ ಎಲ್ಲರ ಮುಂದೆಯೂ ಕಾಣುವ ಶ್ಯೂರ್ ಎಸ್‌ಎಂ7ಬಿಯಂಥ ಡೈನಾಮಿಕ್ ಮೈಕಿಗೆ (ಸುರುಳಿಯಿಂದ ಕೆಲಸ ಮಾಡುವ, ಹೊರಗಿನ ವಿದ್ಯುತ್ ಬೇಡದ ಮೈಕ್) ಕನಿಷ್ಠ 60 ಡೆಸಿಬಲ್ ಗೇನ್ ಬೇಕು. 50ರ ಆಸುಪಾಸಿನಲ್ಲಿ ನಿಂತುಬಿಡುವ ಪೆಟ್ಟಿಗೆಗೆ ಅದನ್ನು ಜೋಡಿಸಿದರೆ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೂ ದನಿ ಪಿಸುಗುಟ್ಟುತ್ತದೆ, ಹಿನ್ನೆಲೆಯ ಸುಯ್ ಸದ್ದು ಮಾತ್ರ ಎದ್ದು ನಿಲ್ಲುತ್ತದೆ. ಹೊರಗಿನಿಂದ 48 ವೋಲ್ಟ್ ವಿದ್ಯುತ್ ಬೇಡುವ ಕಂಡೆನ್ಸರ್ ಮೈಕಿನ ಸಂಕೇತವೇ ಬಲವಾಗಿರುವುದರಿಂದ ಅದಕ್ಕೆ 30–40 ಡೆಸಿಬಲ್ ಸಾಮಾನ್ಯವಾಗಿ ಧಾರಾಳ. ಆದ್ದರಿಂದ ಮೈಕನ್ನು ಮೊದಲು ಆರಿಸಿಕೊಂಡು ಆಮೇಲೆ ಇಂಟರ್‌ಫೇಸ್ ಆರಿಸಿ. ಉಲ್ಟಾ ಮಾಡಿದವರೇ ಹೆಚ್ಚು.

ಎರಡನೆಯದು ಲೂಪ್‌ಬ್ಯಾಕ್. ಕಂಪ್ಯೂಟರಿನಲ್ಲಿ ನುಡಿಯುತ್ತಿರುವ ಆಟದ ಅಥವಾ ಹಾಡಿನ ಸದ್ದನ್ನು ಮೈಕಿನ ಜೊತೆ ಬೆರೆಸಿ ತಂತ್ರಾಂಶಕ್ಕೆ ಮರಳಿ ಕಳುಹಿಸುವ ಸೌಲಭ್ಯ ಇದು. ಯಮಾಹಾ ಎಜಿ03, ಮೋಟು ಎಂ2, ಆಡಿಯೆಂಟ್ ಇವೊ 4 ಇವುಗಳಲ್ಲಿ ಇದು ಒಳಗೇ ಇದೆ. ನೇರಪ್ರಸಾರ ಮಾಡುವವರಿಗೆ, ಅದರಲ್ಲೂ ಫೋನಿನಿಂದ ಮಾಡುವವರಿಗೆ ಇದು ಬಹಳ ಸಹಾಯ. ಬರೀ ಧ್ವನಿಮುದ್ರಣ ಮಾಡುವವರಿಗೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಇನ್ನು ಒಳಹರಿವುಗಳ ಲೆಕ್ಕ: ಒಬ್ಬರೇ ಮಾತನಾಡುವುದಾದರೆ ಒಂದು ಮೈಕ್ ಒಳಹರಿವು, ಎದುರಿಗೆ ಅತಿಥಿ ಕೂರುವುದಾದರೆ ಎರಡು. ಗಿಟಾರನ್ನು ನೇರವಾಗಿ ಚುಚ್ಚುವವರು ಇನ್ಸ್ಟ್ರುಮೆಂಟ್ ಅಥವಾ ಹೈ-ಜೀ (Hi-Z) ಎಂಬ ಗುರುತಿರುವ ಒಳಹರಿವು ಇದೆಯೇ ನೋಡಿ. ಅದರ ಪ್ರತಿರೋಧ 1 ಮೆಗಾಓಮಿನಷ್ಟಿರುತ್ತದೆ. ಸಾಮಾನ್ಯ ಲೈನ್ ಒಳಹರಿವಿಗೆ ಗಿಟಾರ್ ಸಿಕ್ಕಿಸಿದರೆ ತಂತಿಯ ಹೊಳಪೆಲ್ಲ ಹೋಗಿ ಕಂಬಳಿ ಹೊದ್ದಂತೆ ಕೇಳುತ್ತದೆ.

ಜೋಡಿಸುವ ಕ್ರಮ

ಇಲ್ಲಿ ಕ್ರಮ ಮುಖ್ಯ. ವಿಂಡೋಸ್ ಬಳಸುವವರು ಪೆಟ್ಟಿಗೆಯನ್ನು ಚುಚ್ಚುವ ಮೊದಲೇ ತಯಾರಕರ ತಾಣದಿಂದ ಡ್ರೈವರ್ (ಪೆಟ್ಟಿಗೆಯೊಡನೆ ಕಂಪ್ಯೂಟರ್ ಮಾತನಾಡಲು ಬೇಕಾದ ತಂತ್ರಾಂಶ) ಇಳಿಸಿಕೊಂಡು ಸ್ಥಾಪಿಸಿ, ಕಂಪ್ಯೂಟರನ್ನು ಮರುಪ್ರಾರಂಭಿಸಿ. ಮ್ಯಾಕಿನಲ್ಲಿ ಕೋರ್ ಆಡಿಯೊ ಎಂಬ ವ್ಯವಸ್ಥೆ ಇರುವುದರಿಂದ ಹೆಚ್ಚಿನ ಪುಟ್ಟ ಇಂಟರ್‌ಫೇಸ್‌ಗಳು ಚುಚ್ಚಿದ ಕೂಡಲೇ ಕೆಲಸ ಮಾಡುತ್ತವೆ. ಲಿನಕ್ಸಿನಲ್ಲೂ ಯುಎಸ್‌ಬಿ ಆಡಿಯೊ ಮಾನಕಕ್ಕೆ ಬದ್ಧವಾದ ಪೆಟ್ಟಿಗೆಗಳದ್ದು ಇದೇ ಕಥೆ.

ಯುಎಸ್‌ಬಿ ಕೇಬಲನ್ನು ಕಂಪ್ಯೂಟರಿಗೇ ನೇರವಾಗಿ ಹಾಕಿ. ಮೌಸ್, ಕೀಲಿಮಣೆ, ವೆಬ್‌ಕ್ಯಾಮ್ ಎಲ್ಲ ತೂಗಾಡುವ ಹಬ್ಬಿಗೆ ಬೇಡ. ಈ ಪುಟ್ಟ ಪೆಟ್ಟಿಗೆಗಳು ಯುಎಸ್‌ಬಿಯ 5 ವೋಲ್ಟಿನಿಂದಲೇ ತಮ್ಮ ಹೊಟ್ಟೆ ಹೊರೆದುಕೊಂಡು, ಅದರಲ್ಲೇ ಮೈಕಿಗೆ ಬೇಕಾದ 48 ವೋಲ್ಟನ್ನೂ ಹುಟ್ಟಿಸಬೇಕು. ಯುಎಸ್‌ಬಿ 2ರ ಒಂದು ಕಿಂಡಿ ಕೊಡುವುದು 500 ಮಿಲಿಆಂಪ್, ಹಂಚಿಕೊಳ್ಳಲು ಅಲ್ಲಿ ಏನೂ ಮಿಗುವುದಿಲ್ಲ.

ಈಗ ಮೈಕ್. ಗೇನ್ ಗುಂಡಿಯನ್ನೂ ಹೆಡ್‌ಫೋನಿನ ಗುಂಡಿಯನ್ನೂ ಸೊನ್ನೆಗೆ ತನ್ನಿ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲನ್ನು ಎರಡೂ ತುದಿಯಲ್ಲಿ ಟಿಕ್ ಎನ್ನುವವರೆಗೆ ಒತ್ತಿ. ಕಂಡೆನ್ಸರ್ ಮೈಕ್ ಆದರೆ ಆಮೇಲಷ್ಟೇ 48 ವೋಲ್ಟಿನ ಗುಂಡಿ ಒತ್ತಿ, ನಾಲ್ಕೈದು ಸೆಕೆಂಡ್ ಕಾಯಿರಿ. ಕಳಚುವಾಗ ಇದೇ ಕ್ರಮ ಹಿಂದುಮುಂದಾಗಿ: ಮೊದಲು ಗೇನ್ ಇಳಿಸಿ, 48 ವೋಲ್ಟ್ ನಿಲ್ಲಿಸಿ, ಕೊನೆಗೆ ಕೇಬಲ್ ತೆಗೆಯಿರಿ. ಈ ಶಿಸ್ತು ಮೈಕಿಗಿಂತ ಹೆಚ್ಚಾಗಿ ನಿಮ್ಮ ಕಿವಿಯನ್ನು ಕಾಪಾಡುತ್ತದೆ. 48 ವೋಲ್ಟ್ ಇರುವಾಗ ಕೇಬಲ್ ಕಿತ್ತರೆ ಹೆಡ್‌ಫೋನಿನಲ್ಲಿ ಪಟಾರೆಂದು ಬಡಿಯುವ ಸದ್ದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಡೈನಾಮಿಕ್ ಮೈಕಿಗೆ 48 ವೋಲ್ಟ್ ಬೇಡ. ಆದರೆ ಅಕಸ್ಮಾತ್ ಕೊಟ್ಟರೆ ಸುಟ್ಟುಹೋಗುತ್ತದೆ ಎಂಬ ಭಯ ಸರಿಯಲ್ಲ. ಸರಿಯಾದ ಎಕ್ಸ್‌ಎಲ್‌ಆರ್ ಕೇಬಲಿನಲ್ಲಿ 2 ಮತ್ತು 3ನೆಯ ಪಿನ್ನುಗಳೆರಡರಲ್ಲೂ ಒಂದೇ ವೋಲ್ಟೇಜ್ ಇರುವುದರಿಂದ ಮೈಕಿನ ಸುರುಳಿಯ ಮೂಲಕ ವಿದ್ಯುತ್ ಹರಿಯುವುದೇ ಇಲ್ಲ. ಎಚ್ಚರ ಬೇಕಾದದ್ದು ತೆಳುವಾದ ಲೋಹದ ಪಟ್ಟಿಯಿಂದ ದನಿ ಹಿಡಿಯುವ ಹಳೆಯ ರಿಬ್ಬನ್ ಮೈಕುಗಳ ವಿಷಯದಲ್ಲಿ. ಕೇಬಲಿನೊಳಗೆ ತಂತಿ ಕೆಟ್ಟಿದ್ದರೆ ಆ ತೆಳುವಾದ ಪಟ್ಟಿ ಹರಿದೇ ಹೋಗಬಹುದು.

ಸ್ಯಾಂಪಲ್ ರೇಟ್: ಎಲ್ಲರೂ ಒಂದೇ ಕಡೆ ಎಳೆಯಲಿ

ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯಬೇಕು ಎಂಬ ಅಂಕಿಯೇ ಸ್ಯಾಂಪಲ್ ರೇಟ್. ವಿಡಿಯೊ ಇರುವ ಕೆಲಸಕ್ಕೆ 48 ಕಿಲೋಹರ್ಟ್ಸ್. ಬರೀ ಹಾಡಿನ ಕೆಲಸಕ್ಕೆ ಸಿಡಿಯ ಕಾಲದಿಂದ ಬಂದ 44.1 ಆದರೂ ನಡೆಯುತ್ತದೆ. ನಾನಂತೂ ಎಲ್ಲಕ್ಕೂ 48 ಇಟ್ಟುಬಿಟ್ಟಿದ್ದೇನೆ. ಆರಿಸಿದ ಅಂಕಿ ಯಾವುದು ಎನ್ನುವುದಕ್ಕಿಂತ ಅದು ಎಲ್ಲ ಕಡೆಯೂ ಒಂದೇ ಆಗಿರುವುದು ಮುಖ್ಯ. ಇಂಟರ್‌ಫೇಸಿನ ನಿಯಂತ್ರಣ ಫಲಕ, ವಿಂಡೋಸಿನ ಧ್ವನಿ ಸಂಯೋಜನೆಯಲ್ಲಿ ಆ ಸಾಧನದ ನಮೂನೆ, ಮುದ್ರಿಸುವ ತಂತ್ರಾಂಶ, ಪ್ರಸಾರದ ತಂತ್ರಾಂಶ, ಈ ನಾಲ್ಕೂ ಕಡೆ ಪರೀಕ್ಷಿಸಿ. ಇಲ್ಲವಾದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತಾಗುತ್ತದೆ. 44.1ರಲ್ಲಿ ಮುದ್ರಿಸಿದ್ದನ್ನು 48 ಎಂದು ತಪ್ಪಾಗಿ ತಿಳಿದು ನುಡಿಸಿದರೆ ಮಾತು ಶೇಕಡಾ 9ರಷ್ಟು ವೇಗವಾಗಿ, ಶ್ರುತಿ ಏರಿ, ಗೊಂಬೆ ಮಾತನಾಡಿದಂತೆ ಕೇಳುತ್ತದೆ. ಸಣ್ಣ ಸಣ್ಣ ಚಟಪಟ ಸದ್ದುಗಳಿಗೂ ಎಷ್ಟೋ ಸಲ ಕಾರಣ ಇದೇ.

ಪ್ರತಿ ಅಳತೆಯನ್ನು ಎಷ್ಟು ಸೂಕ್ಷ್ಮವಾಗಿ ಬರೆಯಬೇಕೆಂಬ ಬಿಟ್ ಆಳವನ್ನು 24ಕ್ಕೆ ಇಟ್ಟು ಮರೆತುಬಿಡಿ. ಅದು ಏಕೆ ಬೇಕು ಎಂಬುದು ಮುಂದಿನ ಭಾಗದಲ್ಲಿ ಗೊತ್ತಾಗುತ್ತದೆ.

ಗೇನ್: ಇಲ್ಲಿ ಸಮಯ ಕೊಡಿ

ಈ ಬರಹದಲ್ಲಿ ಒಂದೇ ಭಾಗವನ್ನು ಓದುವ ತಾಳ್ಮೆ ಇದ್ದರೆ ಇದನ್ನು ಓದಿ.

ಗೇನ್ ಗುಂಡಿಯನ್ನು ಮುಟ್ಟುವ ಮೊದಲು ಮೈಕನ್ನು ಸರಿಯಾದ ಜಾಗದಲ್ಲಿ ಇಡಬೇಕು. ಕಂಡೆನ್ಸರ್ ಮೈಕಿನಿಂದ ಬಾಯಿ ಒಂದು ಗೇಣು ದೂರದಲ್ಲಿರಲಿ, ಡೈನಾಮಿಕ್ ಆದರೆ ನಾಲ್ಕು ಬೆರಳು ಸಾಕು. ದೂರ ಅರ್ಧವಾದಾಗ ನಿಮ್ಮ ದನಿ ಸುಮಾರು 6 ಡೆಸಿಬಲ್ ಏರುತ್ತದೆ, ಕೋಣೆಯ ಮಾರ್ದನಿಯಾಗಲಿ ಫ್ಯಾನಿನ ಸದ್ದಾಗಲಿ ಏರುವುದಿಲ್ಲ. ಅಂದರೆ ಗೇಣಿನಿಂದ ಅರ್ಧ ಗೇಣಿಗೆ ಬಂದರೆ ಯಾವ ಫಿಲ್ಟರೂ ಇಲ್ಲದೆ ಹಿನ್ನೆಲೆ ಹಿಂದೆ ಸರಿಯುತ್ತದೆ. ಮೂರು ಅಡಿ ಆಚೆ ಮೈಕ್ ಇಟ್ಟು ಗೇನ್ ಏರಿಸಿ, ಆಮೇಲೆ ಗದ್ದಲ ಕಳೆಯುವ ತಂತ್ರಾಂಶ ಹುಡುಕುವವರನ್ನು ಕಂಡರೆ ನನಗೆ ಅಯ್ಯೋ ಎನಿಸುತ್ತದೆ.

ಎಷ್ಟೋ ಕಂಡೆನ್ಸರ್ ಮೈಕುಗಳಿಗೆ ತಲೆಯ ಕಡೆಯಿಂದಲ್ಲ, ಪಕ್ಕದಿಂದ ಮಾತನಾಡಬೇಕು. ಸಾಮಾನ್ಯವಾಗಿ ತಯಾರಕರ ಲಾಂಛನ ಇರುವ ಬದಿಯೇ ಮುಖ. ಎದುರಿನ ದನಿಯನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕಿನ ಬೆನ್ನು ಕಿವುಡು, ಆದ್ದರಿಂದ ಬೆನ್ನನ್ನು ಕೀಲಿಮಣೆಯ ಅಥವಾ ಫ್ಯಾನಿನ ಕಡೆ ತಿರುಗಿಸಿಡಿ.

ಕನ್ನಡದ ಮಾತಿಗೆ ಇನ್ನೊಂದು ಗಮನ ಬೇಕು. ನಮ್ಮ ಪ, ಬ ಮತ್ತು ಅವುಗಳ ಮಹಾಪ್ರಾಣಗಳಾದ ಫ, ಭ ಉಸಿರನ್ನು ತಳ್ಳಿಕೊಂಡೇ ಬರುತ್ತವೆ. ಪಟಪಟ, ಫಳಫಳ, ಭಗಭಗ ಎಂದು ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಹೇಳಿ ನೋಡಿ, ಗಾಳಿ ಎಲ್ಲಿ ಬಡಿಯುತ್ತದೆಂದು ಕೈಗೇ ಗೊತ್ತಾಗುತ್ತದೆ. ಆ ಗಾಳಿಯ ನೇರದಲ್ಲಿ ಮೈಕ್ ಇರಬಾರದು. ಬಾಯಿಯ ಒಂದು ಮೂಲೆಯ ಕಡೆ, ಸುಮಾರು 30–40 ಡಿಗ್ರಿ ಓರೆಯಾಗಿ ಇಟ್ಟರೆ ದನಿ ಬರುತ್ತದೆ, ಗಾಳಿ ಪಕ್ಕಕ್ಕೆ ಹೋಗುತ್ತದೆ. ಗಾಳಿ ತಡೆಯುವ ಜಾಲರಿಯಾದ ಪಾಪ್ ಫಿಲ್ಟರ್ ಇದ್ದರೆ ಒಳ್ಳೆಯದು. ಆದರೆ ಓರೆಯಾಗಿ ಇಡುವುದಕ್ಕೆ ಅದು ಬದಲಿಯಲ್ಲ. ಸ, ಶ, ಷ ಕಿವಿಗೆ ಚುಚ್ಚುತ್ತಿದ್ದರೂ ಇದೇ ಓರೆ ಅರ್ಧ ಮದ್ದು.

ಈಗ ಗೇನ್. ತಂತ್ರಾಂಶದಲ್ಲಿ ಹೊಸ ಟ್ರ್ಯಾಕ್ ತೆರೆದು ಮೀಟರ್ ಕಾಣುವಂತೆ ಇಟ್ಟುಕೊಳ್ಳಿ. ಎಲ್ಲರೂ ಮಾಡುವ ತಪ್ಪು ಇಲ್ಲೇ ಆಗುತ್ತದೆ: ‘ಹಲೋ, ಒಂದು, ಎರಡು, ಮೂರು’ ಎಂದು ಸಂಕೋಚದ ದನಿಯಲ್ಲಿ ಹೇಳಿ ಗೇನ್ ಹೊಂದಿಸುತ್ತಾರೆ. ಪ್ರಸಾರ ಶುರುವಾದ ಮೇಲೆ ಅದೇ ವ್ಯಕ್ತಿ ಕೂಗುತ್ತಾನೆ, ನಗುತ್ತಾನೆ, ಮೇಜು ಗುದ್ದುತ್ತಾನೆ. ಪರೀಕ್ಷೆಗೆ ಕೂಡಾ ನಿಜವಾದದ್ದನ್ನೇ ಮಾಡಿ. ಹಾಡುವವರು ತಾರಸ್ಥಾಯಿಯ ಸಾಲನ್ನು ಹಾಡಿ. ಮಾತನಾಡುವವರು ಜೋರಾಗಿ ನಗಿ. ಆ ಅತಿ ಎತ್ತರದ ಕ್ಷಣದಲ್ಲಿ ಮೀಟರ್ ಮೈನಸ್ 12ರಿಂದ ಮೈನಸ್ 10 ಡೆಸಿಬಲ್ ನಡುವೆ ಮುಟ್ಟಬೇಕು. ಸಾಮಾನ್ಯ ಮಾತು ಮೈನಸ್ 18ರ ಸುತ್ತ ಓಡಾಡಿಕೊಂಡಿರಲಿ. ಸೊನ್ನೆ ಎಂದರೆ ಛಾವಣಿ. ಅದಕ್ಕೆ ತಲೆ ಬಡಿದ ದನಿ ಚಪ್ಪಟೆಯಾಗುತ್ತದೆ, ಹಾಗೆ ಕತ್ತರಿಸಿಹೋದ ತುದಿಯನ್ನು ಮೂಲದಂತೆ ಮರಳಿಸಲು ಯಾವ ತಂತ್ರಾಂಶಕ್ಕೂ ಆಗದು.

ಇಷ್ಟು ಕೆಳಗೆ ಇಟ್ಟರೆ ದನಿ ಸಣ್ಣದಾಗುವುದಿಲ್ಲವೇ? ಆಗುತ್ತದೆ, ಆಗಲಿ. 16 ಬಿಟ್‌ನಲ್ಲಿ ಅತಿ ಮೆಲುವಿನಿಂದ ಅತಿ ಜೋರಿನವರೆಗೆ ಸುಮಾರು 96 ಡೆಸಿಬಲ್ ಅಂತರವಿರುತ್ತದೆ, 24 ಬಿಟ್‌ನಲ್ಲಿ ಲೆಕ್ಕಕ್ಕೆ 144. ನಿಮ್ಮ ಕೋಣೆಯ ಮೌನವೇ ಈ ತಳಕ್ಕಿಂತ ಎಷ್ಟೋ ಮೇಲಿರುತ್ತದೆ. ಮೇಲೆ 12 ಡೆಸಿಬಲ್ ಖಾಲಿ ಬಿಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲ. ಮುದ್ರಿಸಿದ ಮೇಲೆ ಮೌಸಿನ ಒಂದು ಎಳೆತಕ್ಕೆ ಏರಿಸಿಕೊಳ್ಳಬಹುದು. ಮೀಟರ್ ಹಸಿರಿನಲ್ಲೇ ಇದೆಯೆಂದು ಕೈ ತುರಿಸಿದರೆ ತಡೆದುಕೊಳ್ಳಿ.

ಹೆಡ್‌ಫೋನಿನಲ್ಲಿ ದನಿ ಸಣ್ಣಗೆ ಕೇಳುತ್ತಿದೆಯೆಂದು ಗೇನ್ ಏರಿಸುವುದೂ ಇನ್ನೊಂದು ತಪ್ಪು. ಹೆಡ್‌ಫೋನಿಗೆ ಬೇರೆ ಗುಂಡಿ ಇದೆ. ಒಂದು ದನಿ ಒಳಗೆ ಬರುವ ಬಾಗಿಲು, ಇನ್ನೊಂದು ಹೊರಗೆ ಹೋಗುವ ಬಾಗಿಲು.

ವಿಳಂಬ ಮತ್ತು ಬಫರ್

ಕಂಪ್ಯೂಟರ್ ದನಿಯನ್ನು ತೊಟ್ಟು ತೊಟ್ಟಾಗಿ ಕುಡಿಯುವುದಿಲ್ಲ, ಬಿಂದಿಗೆಯಲ್ಲಿ ತುಂಬಿಸಿಕೊಂಡು ಕುಡಿಯುತ್ತದೆ. ಆ ಬಿಂದಿಗೆಯೇ ಬಫರ್. 48 ಕಿಲೋಹರ್ಟ್ಸಿನಲ್ಲಿ 128 ಸ್ಯಾಂಪಲ್‌ಗಳ ಬಿಂದಿಗೆ ತುಂಬಲು 2.7 ಮಿಲಿಸೆಕೆಂಡ್ ಬೇಕು, 256ಕ್ಕೆ 5.3, 1024ಕ್ಕೆ 21.3. ಒಳಗೆ ಬರುವಾಗ ಒಂದು, ಹೊರಗೆ ಹೋಗುವಾಗ ಒಂದು, ಜೊತೆಗೆ ಪರಿವರ್ತಕ ಮತ್ತು ಯುಎಸ್‌ಬಿಯ ತೆರಿಗೆ. ಹೀಗೆ ನಿಮ್ಮ ದನಿ ನಿಮಗೇ ಮರಳಿ ಕೇಳುವಷ್ಟರಲ್ಲಿ ಎರಡು ಪಟ್ಟಿಗೂ ಹೆಚ್ಚು ಕಾಲ ಕಳೆದಿರುತ್ತದೆ. ಹೋಲಿಕೆಗೆ ಹೇಳುವುದಾದರೆ, ಗಾಳಿಯಲ್ಲಿ ದನಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. 10 ಮಿಲಿಸೆಕೆಂಡ್ ವಿಳಂಬವೆಂದರೆ ಮೂರು ಮೀಟರ್ ಆಚೆಯ ಸ್ಪೀಕರಿನಿಂದ ಕೇಳಿದಂತೆ. ಹೆಚ್ಚಿನವರಿಗೆ ಅಷ್ಟರವರೆಗೆ ತೊಂದರೆಯಾಗದು. 20 ದಾಟಿದರೆ ತಾಳ ಹಿಡಿದು ಹಾಡುವವರ ಲಯ ಜಾರತೊಡಗುತ್ತದೆ.

ಹಾಡನ್ನು ಅಥವಾ ವಾದ್ಯವನ್ನು ತಂತ್ರಾಂಶದ ಮೂಲಕ ಕೇಳಿಕೊಂಡು ಮುದ್ರಿಸುವಾಗ 64 ಅಥವಾ 128 ಇಡಿ, ಚಟಪಟ ಸದ್ದು ಬಂದರೆ ಒಂದು ಮೆಟ್ಟಿಲು ಏರಿಸಿ. ಮಿಶ್ರಣ ಮಾಡುವಾಗ 1024. ಬರೀ ಮಾತಿನ ನೇರಪ್ರಸಾರಕ್ಕೆ 256 ಅಥವಾ 512 ಇಟ್ಟು ನೆಮ್ಮದಿಯಾಗಿರಿ. ವಿಂಡೋಸಿನಲ್ಲಿ ಈ ಚಿಕ್ಕ ಬಫರುಗಳು ಸಲೀಸಾಗಿ ಓಡಬೇಕಾದರೆ ತಂತ್ರಾಂಶದ ಸಾಧನ ಪಟ್ಟಿಯಲ್ಲಿ ಏಸಿಯೊ ಎಂಬ ಡ್ರೈವರನ್ನು ಆರಿಸಬೇಕು. ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದ ಈ ಪದ್ಧತಿ ಇಂದಿಗೂ ಅಲ್ಲಿ ರಾಜಮಾರ್ಗ. ಪೆಟ್ಟಿಗೆಗೆ ತಯಾರಕರದ್ದೇ ಏಸಿಯೊ ಡ್ರೈವರ್ ಇದ್ದರೆ ಅದನ್ನೇ ಬಳಸಿ. ಏಸಿಯೊ ಫಾರ್ ಆಲ್ ಎಂಬುದು ಅದಿಲ್ಲದವರ ಊರುಗೋಲು.

ಈ ತಲೆನೋವೇ ಬೇಡವೆನ್ನುವವರಿಗೆ ಪೆಟ್ಟಿಗೆಯ ಮೇಲೆಯೇ ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಮೈಕಿನ ದನಿ ಕಂಪ್ಯೂಟರಿಗೆ ಹೋಗಿ ಬರುವುದಕ್ಕೆ ಕಾಯದೆ ಒಳಗಿಂದಲೇ ಕಿವಿಗೆ ಬರುತ್ತದೆ. ಅದನ್ನು ಒತ್ತಿದಾಗ ತಂತ್ರಾಂಶದ ಮಾನಿಟರ್ ನಿಲ್ಲಿಸಲು ಮರೆಯಬೇಡಿ. ಎರಡೂ ಇದ್ದರೆ ಒಂದೇ ಮಾತು ಎರಡು ಸಲ ಕೇಳಿ ನಾಲಿಗೆ ತೊದಲುತ್ತದೆ. ಮತ್ತು ಆರಂಭದಲ್ಲಿ ಹೇಳಿದ ನನ್ನ ಕಥೆ ನೆನಪಿರಲಿ: ಡೈರೆಕ್ಟ್ ಮಾನಿಟರಿನಲ್ಲಿ ಕೇಳಿದ್ದು ಮುದ್ರಣವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಮುದ್ರಣ: ಉಗುರಿನ ಪರೀಕ್ಷೆ

ತಂತ್ರಾಂಶ ಯಾವುದಾದರೂ ಆಗಲಿ. ಉಚಿತವಾದ ಆಡಾಸಿಟಿ ಮಾತಿಗೆ ಸಾಕು. ಹಲವು ಪದರಗಳ ಹಾಡಿಗೆ ಮ್ಯಾಕಿನಲ್ಲಿ ಗ್ಯಾರೇಜ್‌ಬ್ಯಾಂಡ್ ಇದೆ, 60 ದಿನ ಪರೀಕ್ಷಿಸಿ ನೋಡಬಹುದಾದ ರೀಪರ್ ಇದೆ. ಒಳಹರಿವಿನ ಸಾಧನವಾಗಿ ಇಂಟರ್‌ಫೇಸನ್ನು ಆರಿಸಿ, ಟ್ರ್ಯಾಕನ್ನು ಮೊನೊ ಆಗಿ ತೆರೆಯಿರಿ. ಒಂದು ಮೈಕ್ ಎಂದರೆ ಒಂದು ಚಾನೆಲ್. ಸ್ಟೀರಿಯೊ ಟ್ರ್ಯಾಕಿನಲ್ಲಿ ಮುದ್ರಿಸಿದರೆ ದನಿ ಎಡಗಿವಿಗೆ ಮಾತ್ರ ಅಂಟಿಕೊಳ್ಳುತ್ತದೆ, ಬಲಗಿವಿ ಉಪವಾಸ.

ಈಗ ಮುದ್ರಣದ ಗುಂಡಿ ಒತ್ತಿ ಉಗುರಿನಿಂದ ಮೈಕಿನ ಜಾಲರಿಯನ್ನು ಮೆಲ್ಲಗೆ ಗೀರಿ. ನಿಲ್ಲಿಸಿ, ಕೇಳಿ. ಗರಗರ ಎಂದು ಗಟ್ಟಿಯಾಗಿ ಕೇಳಿದರೆ ಮುದ್ರಣವಾಗುತ್ತಿರುವುದು ಈ ಮೈಕೇ. ದೂರದಿಂದ ಇಲಿ ಕೆರೆದಂತೆ ಕೇಳಿದರೆ ಲ್ಯಾಪ್‌ಟಾಪಿನ ಮೈಕ್ ಕದ್ದು ಕೇಳುತ್ತಿದೆ. ಐದು ಸೆಕೆಂಡಿನ ಕೆಲಸ ಇದು, ನನ್ನ ಒಂದು ಗಂಟೆಯನ್ನು ಉಳಿಸುತ್ತಿತ್ತು.

ಜಾಗದ ಬಗ್ಗೆ ಜಿಪುಣತನ ಬೇಡ. 24 ಬಿಟ್, 48 ಕಿಲೋಹರ್ಟ್ಸಿನ ಮೊನೊ ವೇವ್ ಕಡತ ನಿಮಿಷಕ್ಕೆ 8.6 ಮೆಗಾಬೈಟ್, ಗಂಟೆಗೆ ಸುಮಾರು 520 ಮೆಗಾಬೈಟ್ ತಿನ್ನುತ್ತದೆ. ಮುದ್ರಣ ವೇವ್‌ನಲ್ಲೇ ಇರಲಿ, ಎಂಪಿ3 ಮಾಡುವುದು ಹೊರಗೆ ಕಳುಹಿಸುವಾಗ.

ನೇರಪ್ರಸಾರ

ನೇರಪ್ರಸಾರದ ಉಚಿತ ತಂತ್ರಾಂಶವಾದ ಒಬಿಎಸ್ ಸ್ಟುಡಿಯೊವನ್ನು ಉದಾಹರಣೆಯಾಗಿ ಹಿಡಿಯುತ್ತೇನೆ. ಬೇರೆ ತಂತ್ರಾಂಶಗಳಲ್ಲೂ ಹೆಸರುಗಳು ಬದಲಾಗುತ್ತವೆ, ದಾರಿ ಬದಲಾಗುವುದಿಲ್ಲ.

ಸೆಟ್ಟಿಂಗ್ಸ್‌ನ ಆಡಿಯೊ ಪುಟದಲ್ಲಿ 48 ಕಿಲೋಹರ್ಟ್ಸ್ ಇಡಿ. ಮೈಕ್ ಸಾಧನ ಎಂಬಲ್ಲಿ ‘ಡೀಫಾಲ್ಟ್’ ಎಂದು ಬಿಡದೆ ಇಂಟರ್‌ಫೇಸಿನ ಹೆಸರನ್ನೇ ಆರಿಸಿ. ಡೀಫಾಲ್ಟ್ ಎಂದಿದ್ದರೆ ವೆಬ್‌ಕ್ಯಾಮ್ ಚುಚ್ಚಿದ ದಿನ ಅದು ಬಂದು ಕುರ್ಚಿ ಹಿಡಿಯುತ್ತದೆ. ಬೇಡದ ಸಾಧನಗಳನ್ನೆಲ್ಲ ನಿಷ್ಕ್ರಿಯ ಮಾಡಿ.

ಇಲ್ಲೂ ಎಡಗಿವಿಯ ಸಮಸ್ಯೆ ಎದುರಾಗುತ್ತದೆ. ಎರಡು ಒಳಹರಿವಿನ ಪೆಟ್ಟಿಗೆಯನ್ನು ಒಬಿಎಸ್ ಸ್ಟೀರಿಯೊ ಎಂದೇ ನೋಡುತ್ತದೆ, ಒಂದನೆಯ ಒಳಹರಿವು ಎಡ, ಎರಡನೆಯದು ಬಲ. ಅಡ್ವಾನ್ಸ್ಡ್ ಆಡಿಯೊ ಪ್ರಾಪರ್ಟೀಸ್ ತೆರೆದು ಮೈಕಿನ ಎದುರು ಮೊನೊ ಎಂಬ ಚೌಕಕ್ಕೆ ಗುರುತು ಹಾಕಿ. ದನಿ ಎರಡೂ ಕಿವಿಗೆ ಬರುತ್ತದೆ. ಮಟ್ಟ ಇಳಿದಂತೆ ಕಂಡರೆ ಗೇನ್ ಫಿಲ್ಟರ್ ಸೇರಿಸಿ ಏರಿಸಿ. ಮಾತನಾಡುವಾಗ ಒಬಿಎಸ್‌ನ ಮೀಟರ್ ಹಳದಿ ಪಟ್ಟಿಯಲ್ಲಿ, ಅಂದರೆ ಮೈನಸ್ 20 ಮತ್ತು ಮೈನಸ್ 9ರ ನಡುವೆ ಆಡಲಿ. ಕೆಂಪು ಯಾವಾಗಲೋ ಒಮ್ಮೆ ನಗುವಾಗ ಮುಟ್ಟಿದರೆ ಪರವಾಗಿಲ್ಲ.

ಫಿಲ್ಟರುಗಳ ಸಾಲಿನಲ್ಲಿ ಮೊದಲು ಗದ್ದಲ ಕಳೆಯುವುದು, ಆಮೇಲೆ ಏರಿಳಿತವನ್ನು ಸಮಮಾಡುವ ಕಂಪ್ರೆಸರ್, ಕೊನೆಗೆ ಮಿತಿ ಮೀರದಂತೆ ತಡೆಯುವ ಲಿಮಿಟರ್. ಕ್ರಮ ತಪ್ಪಿದರೆ ಕಂಪ್ರೆಸರ್ ಮೊದಲು ಗದ್ದಲವನ್ನೇ ಎತ್ತಿ ಹಿಡಿದು ಆಮೇಲೆ ಅದನ್ನು ಕಳೆಯಲು ಒದ್ದಾಡಬೇಕಾಗುತ್ತದೆ. ಗದ್ದಲ ಕಳೆಯುವ ಫಿಲ್ಟರನ್ನು ಹಾಡಿಗೆ ಹಾಕಬೇಡಿ. ಅದು ಮಾತನ್ನು ಗುರುತಿಸಲು ಕಲಿತದ್ದು, ಆಲಾಪದ ಬಾಲವನ್ನೂ ತಂಬೂರಿಯ ಶ್ರುತಿಯನ್ನೂ ಗದ್ದಲವೆಂದು ನುಂಗಬಹುದು.

ಕ್ಯಾಮೆರಾದ ಚಿತ್ರ ಸಾಮಾನ್ಯವಾಗಿ ದನಿಗಿಂತ ತಡವಾಗಿ ಬರುತ್ತದೆ. ಕ್ಯಾಮೆರಾ ಎದುರು ಒಂದು ಚಪ್ಪಾಳೆ ತಟ್ಟಿ ಮುದ್ರಿಸಿಕೊಳ್ಳಿ, ಸಂಪಾದನೆಯ ತಂತ್ರಾಂಶದಲ್ಲಿ ಫ್ರೇಮ್ ಫ್ರೇಮಾಗಿ ನೋಡಿ. ಸೆಕೆಂಡಿಗೆ 30 ಫ್ರೇಮ್ ಇದ್ದರೆ ಒಂದು ಫ್ರೇಮ್ ಎಂದರೆ 33 ಮಿಲಿಸೆಕೆಂಡ್. ಕೈ ಕೂಡುವುದು ದನಿಗಿಂತ ನಾಲ್ಕು ಫ್ರೇಮ್ ತಡವಾಗಿದ್ದರೆ ಮೈಕಿನ ದನಿಯನ್ನು ತಡಮಾಡುವ ಸಿಂಕ್ ಆಫ್‌ಸೆಟ್‌ನಲ್ಲಿ 133 ಎಂದು ಬರೆಯಿರಿ. ದನಿಯನ್ನು ಒಂದು ಸಾಧನದಲ್ಲೂ ಚಿತ್ರವನ್ನು ಇನ್ನೊಂದರಲ್ಲೂ ಪ್ರತ್ಯೇಕವಾಗಿ ಮುದ್ರಿಸಿ ಆಮೇಲೆ ಹೊಲಿಯುವವರು ಆರಂಭದಲ್ಲಿ ಒಂದು, ಕೊನೆಯಲ್ಲಿ ಒಂದು ಚಪ್ಪಾಳೆ ತಟ್ಟಿ. ಎರಡು ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಗಂಟೆಯ ಕೊನೆಗೆ 180 ಮಿಲಿಸೆಕೆಂಡ್ ಬೇರೆಯಾಗಿರುತ್ತದೆ.

ಲೂಪ್‌ಬ್ಯಾಕ್ ಬಳಸುವವರಿಗೆ ಎರಡು ಎಚ್ಚರಿಕೆ. ಲೂಪ್‌ಬ್ಯಾಕಿನಲ್ಲಿ ಆಟದ ಸದ್ದು ಬರುತ್ತಿದ್ದರೆ ಒಬಿಎಸ್‌ನ ಡೆಸ್ಕ್‌ಟಾಪ್ ಆಡಿಯೊವನ್ನು ನಿಷ್ಕ್ರಿಯ ಮಾಡಿ, ಇಲ್ಲದಿದ್ದರೆ ಅದೇ ಸದ್ದು ಎರಡು ದಾರಿಯಿಂದ ಬಂದು ಪೈಪಿನೊಳಗಿಂದ ಕೇಳಿದಂತಾಗುತ್ತದೆ. ವಿಡಿಯೊ ಕರೆಯಲ್ಲಿ ಲೂಪ್‌ಬ್ಯಾಕ್ ಪೂರ್ತಿ ನಿಲ್ಲಿಸಿ. ಎದುರಿನವರ ದನಿಯನ್ನು ಅವರಿಗೇ ಮರಳಿ ಕಳುಹಿಸಿದರೆ ಅವರು ಎರಡು ವಾಕ್ಯ ಕೂಡ ನೆಟ್ಟಗೆ ಮಾತನಾಡಲಾರರು. ಮಾತಿನ ಮಧ್ಯೆ ಹಿನ್ನೆಲೆ ಸಂಗೀತ ಇದ್ದಕ್ಕಿದ್ದಂತೆ ಕುಸಿಯುತ್ತಿದ್ದರೆ ಅದು ಇಂಟರ್‌ಫೇಸಿನ ತಪ್ಪಲ್ಲ. ವಿಂಡೋಸಿನ ಹಳೆಯ ಧ್ವನಿ ಫಲಕದಲ್ಲಿ ಕಮ್ಯುನಿಕೇಷನ್ಸ್ ಎಂಬ ಪುಟವಿದೆ. ಕರೆ ಬಂದಾಗ ಉಳಿದ ಸದ್ದನ್ನು ಶೇಕಡಾ 80 ಇಳಿಸು ಎಂಬ ಆಯ್ಕೆ ಅಲ್ಲಿ ಕುಳಿತಿರುತ್ತದೆ. ‘ಏನೂ ಮಾಡಬೇಡ’ ಎಂಬುದನ್ನು ಆರಿಸಿ.

ಮುದ್ರಿಸಿದ್ದನ್ನು ಜಾಲಕ್ಕೆ ಏರಿಸುವವರಿಗೆ ಒಂದು ಅಂಕಿ: ಯೂಟ್ಯೂಬ್ ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಕಿವಿಗೆ ಕೇಳುವ ಒಟ್ಟು ಜೋರಿನ ಅಳತೆ) ಜೋರಾಗಿರುವುದನ್ನು ತಾನೇ ತಗ್ಗಿಸುತ್ತದೆ, ಆಪಲ್ ಪಾಡ್‌ಕಾಸ್ಟ್‌ನ ಶಿಫಾರಸು ಮೈನಸ್ 16. ಅದಕ್ಕಿಂತ ಜೋರು ಮಾಡಲು ಹಿಂಡುವುದು ವ್ಯರ್ಥ ಶ್ರಮ.

ಫೋನಿನ ಜೊತೆ

ಯುಎಸ್‌ಬಿ ಸಿ ಕಿಂಡಿಯಿರುವ ಫೋನು, ಟ್ಯಾಬ್ಲೆಟ್‌ಗಳಿಗೆ ನೇರ ಕೇಬಲ್ ಸಾಕು. ಹಳೆಯ ಲೈಟ್ನಿಂಗ್ ಕಿಂಡಿಗೆ ಆಪಲ್‌ನ ಕ್ಯಾಮೆರಾ ಅಡಾಪ್ಟರ್ ಬೇಕು. ಫೋನು ಕೊಡುವ ವಿದ್ಯುತ್ತಿನಲ್ಲಿ 48 ವೋಲ್ಟ್ ಹುಟ್ಟಿಸಲಾಗದೆ ಪೆಟ್ಟಿಗೆ ಆರಿಹೋಗುತ್ತಿದ್ದರೆ ಸ್ವಂತ ವಿದ್ಯುತ್ ಮೂಲವಿರುವ ಹಬ್ ಅನ್ನು ನಡುವೆ ಹಾಕಿ. ಹಬ್ ಬೇಡವೆಂದು ಮೇಲೆ ಹೇಳಿದ್ದೆ, ಇದೊಂದು ಅಪವಾದ.

ಕೆಟ್ಟಾಗ ಎಲ್ಲಿ ಹುಡುಕಬೇಕು

ಏನೂ ಕೇಳುತ್ತಿಲ್ಲ ಎಂದಾದರೆ ದಾರಿಯ ಮಧ್ಯದಿಂದ ಹುಡುಕಿ. ಮಾತನಾಡಿದಾಗ ಇಂಟರ್‌ಫೇಸಿನ ದೀಪ ಮಿನುಗುತ್ತಿದೆಯೇ? ಇಲ್ಲವಾದರೆ ತೊಂದರೆ ದೀಪಕ್ಕಿಂತ ಮೊದಲಿದೆ: ಕೇಬಲ್, ಗೇನ್, 48 ವೋಲ್ಟ್. ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಒತ್ತಲು ಮರೆತು ಡ್ರೈವರನ್ನು ಮೂರು ಸಲ ಮರುಸ್ಥಾಪಿಸಿದ ಸ್ನೇಹಿತರು ನನಗಿದ್ದಾರೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತೆ. ದೀಪ ಮಿನುಗುತ್ತಿದ್ದರೆ ತೊಂದರೆ ಆಮೇಲಿನದ್ದು: ಸಾಧನದ ಆಯ್ಕೆ, ಅಥವಾ ಆ ತಂತ್ರಾಂಶಕ್ಕೆ ಮೈಕ್ ಬಳಸುವ ಅನುಮತಿ. ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ ಖಾಸಗಿತನದ ಪುಟದಲ್ಲಿ ಈ ಅನುಮತಿ ಕೊಡಬೇಕು. ಕೊಡದಿದ್ದರೆ ಎಷ್ಟೋ ಸಲ ದೋಷದ ಸಂದೇಶವೂ ಬರುವುದಿಲ್ಲ, ಬರೀ ಮೌನ ಮುದ್ರಣವಾಗುತ್ತದೆ.

ಗೂಂ ಎನ್ನುವ ಸದ್ದು ಬರುತ್ತಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಳಚಿ ನೋಡಿ. ನಿಂತಿತೇ? ಹಾಗಾದರೆ ಅದು ವಿದ್ಯುತ್ ಜಾಲದಿಂದ ಬಂದ ಗ್ರೌಂಡ್ ಲೂಪ್, ಅಂದರೆ ಎರಡು ಸಾಧನಗಳ ನೆಲತಂತಿಗಳು ಸುತ್ತುಗಟ್ಟಿದ್ದು. ಲ್ಯಾಪ್‌ಟಾಪನ್ನೂ ಸ್ಪೀಕರನ್ನೂ ಒಂದೇ ವಿದ್ಯುತ್ ಪಟ್ಟಿಗೆ ಹಾಕಿ, ಸ್ಪೀಕರಿಗೆ ಟಿಆರ್‌ಎಸ್ (ಮೂರು ಸಂಪರ್ಕವಿರುವ) ತುದಿಯ ಬ್ಯಾಲೆನ್ಸ್ಡ್ ಕೇಬಲ್ ಬಳಸಿ. ನಿಲ್ಲದಿದ್ದರೆ ಮೈಕಿನ ಕೇಬಲ್ ಯಾವುದಾದರೂ ಅಡಾಪ್ಟರಿಗೆ ಅಂಟಿಕೊಂಡು ಬಿದ್ದಿದೆಯೇ ನೋಡಿ.

ಚಟಪಟ ಸದ್ದಿಗೆ ಬಫರ್ ಏರಿಸುವುದು, ಸ್ಯಾಂಪಲ್ ರೇಟ್ ಹೊಂದಿಸುವುದು, ಯುಎಸ್‌ಬಿ ಕಿಂಡಿ ಬದಲಿಸುವುದು, ವಿದ್ಯುತ್ ಉಳಿಸುವ ಸಂಯೋಜನೆ ನಿಷ್ಕ್ರಿಯ ಮಾಡುವುದು. ಇದೇ ಕ್ರಮದಲ್ಲಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಾಲ್ಕನ್ನೂ ಒಟ್ಟಿಗೆ ಬದಲಿಸಿದರೆ ಸದ್ದು ಹೋದರೂ ಯಾವುದರಿಂದ ಹೋಯಿತೆಂದು ತಿಳಿಯದು, ಮುಂದಿನ ವಾರ ಮರಳಿ ಬಂದಾಗ ಮತ್ತೆ ಮೊದಲಿನಿಂದ.

ಎಲ್ಲ ಸರಿಹೋದ ದಿನ ಇಂಟರ್‌ಫೇಸಿನ ಮುಖದ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಧೂಳು ಒರೆಸುವಾಗ ಗುಂಡಿಗಳು ತಿರುಗುತ್ತವೆ. ನಾನು ಪ್ರತಿ ಪ್ರಸಾರಕ್ಕೆ ಮೊದಲು ಆ ಚಿತ್ರ ನೋಡಿ ಗುಂಡಿಗಳನ್ನು ಜಾಗಕ್ಕೆ ತರುತ್ತೇನೆ, ಅರ್ಧ ನಿಮಿಷ ಮುದ್ರಿಸುತ್ತೇನೆ: ಉಗುರಿನಿಂದ ಒಂದು ಗೀರು, ಎರಡು ವಾಕ್ಯ, ಒಂದು ಗಟ್ಟಿ ನಗು. ಅದನ್ನು ಸ್ಟುಡಿಯೊ ಹೆಡ್‌ಫೋನಿನಲ್ಲಿ ಕೇಳದೆ ಫೋನಿಗೆ ಕಳುಹಿಸಿ, ಸಾಧಾರಣ ಇಯರ್‌ಫೋನಿನಲ್ಲಿ ಕೇಳುತ್ತೇನೆ. ಗೀರು ಗಟ್ಟಿಯಾಗಿ, ನಗು ಒಡೆಯದೆ, ಮಾತು ಎರಡೂ ಕಿವಿಯಲ್ಲಿ ಕೇಳಿದರೆ ಪ್ರಸಾರದ ಗುಂಡಿ ಒತ್ತುತ್ತೇನೆ.